ನಿಲ್ಲುವ ಮೊದಲೇ ಇಳಿದ ನಾಗವೇಣಿ

ಬೆಳಿಗ್ಗೆ ಎಂಟು ಗಂಟೆ ಹನ್ನೊಂದು ನಿಮಿಷಕ್ಕೆ ನಾಗವೇಣಿ ಹೆಗಲ ಚೀಲವನ್ನು ಎದೆಯ ಮುಂದಕ್ಕೆ ತಂದುಕೊಂಡರು. ಎಡಗೈಯಲ್ಲಿ ಬೀನ್ಸಿನ ಪ್ಲಾಸ್ಟಿಕ್ ಡಬ್ಬಿ. ಬಲಗೈ ಖಾಲಿ, ಕಂಬಿ ಹಿಡಿಯಲು. ಡೊಂಬಿವಲಿ ಸ್ಟೇಷನ್ನಿಗೆ ಖಾಲಿ ಲೋಕಲ್ ರೈಲು ಒಳಬರುತ್ತಿತ್ತು. ಅದು ನಿಲ್ಲಲು ಇನ್ನೂ ಒಂದು ಬೋಗಿಯಷ್ಟು ದೂರ ಇರುವಾಗಲೇ ಅವರು ಹತ್ತಿದರು, ಕಿಟಕಿಯ ಪಕ್ಕ ಕುಳಿತರು, ಡಬ್ಬಿಯನ್ನು ಪಕ್ಕದ ಸೀಟಿನ ಮೇಲಿಟ್ಟರು. ಗೆಳತಿ ಚಂಪಾ ಬಂದು ಕೂರುವವರೆಗೆ ಆ ಸೀಟು ಬೀನ್ಸಿನದು.

ಅದು ಫೆಬ್ರುವರಿಯ ಒಂದು ಸೋಮವಾರ. ನಾಗವೇಣಿಯವರ ನಿವೃತ್ತಿಗೆ ಆಗ ಆರು ವಾರ ಉಳಿದಿತ್ತು.

ಅವರ ಮನೆ ಇರುವುದು ಠಾಕುರ್ಲಿಯಲ್ಲಿ. ಅಲ್ಲಿಯೂ ರೈಲು ನಿಲ್ಲುತ್ತದೆ, ಆದರೆ ಬರುವಾಗಲೇ ತುಂಬಿರುತ್ತದೆ. ಡೊಂಬಿವಲಿಯಿಂದಲೇ ಹೊರಡುವ ಗಾಡಿಯಲ್ಲಿ ಸೀಟು ಸಿಗುತ್ತದೆಂದು ಮೂವತ್ತೊಂದು ವರ್ಷ ದಿನವೂ ಇಪ್ಪತ್ತೈದು ನಿಮಿಷ ನಡೆದು ಇಲ್ಲಿಗೆ ಬಂದಿದ್ದಾರೆ. ಕೆಲಸ ಬಂದರಿನ ಬಳಿಯ ಫೋರ್ಟ್ ಪ್ರದೇಶದಲ್ಲಿ, ಹಡಗಿನ ಸರಕು ಬಿಡಿಸಿಕೊಡುವ ಒಂದು ಹಳೆಯ ಕಚೇರಿಯ ಫೈಲು ವಿಭಾಗದಲ್ಲಿ. ಈ ಬಗ್ಗೆ ಯಾರಾದರೂ ಕೇಳಿದರೆ ಅವರ ಉತ್ತರ ಸಿದ್ಧವಾಗಿರುತ್ತದೆ: “ಹಡಗಿನ ಕಾಗದ ಎಲ್ಲ ನೋಡಿದ್ದೇನೆ ಮಾರಾಯ್ರೆ, ಹಡಗು ಒಂದೂ ನೋಡಲಿಲ್ಲ.”

ಎಂಟು ಹದಿನಾಲ್ಕರ ಈ ಗಾಡಿಯ ಮಹಿಳಾ ಬೋಗಿಯಲ್ಲಿ ಕನ್ನಡದ ಹೆಂಗಸರು ಹನ್ನೊಂದು ಮಂದಿ. ಉಡುಪಿ ಕಡೆಯವರು ಕೆಲವರು, ಕಲಬುರಗಿ, ವಿಜಯಪುರದವರು ಕೆಲವರು. ಊರಿನಲ್ಲಿದ್ದರೆ ಒಬ್ಬರ ಮಾತು ಒಬ್ಬರಿಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ಬೋಗಿಯಲ್ಲಿ ಉಳಿದರ್ಧವನ್ನು ಮರಾಠಿ, ಹಿಂದಿ ತುಂಬುತ್ತವೆ. ಇಲ್ಲಿ ತರಕಾರಿ ಹೆಚ್ಚುತ್ತಾರೆ, ಹುಟ್ಟುಹಬ್ಬ ಮಾಡುತ್ತಾರೆ, ಸೊಸೆಯಂದಿರ ವಿಚಾರಣೆ ನಡೆಸುತ್ತಾರೆ. ಸೀಟಿನ ಕ್ರಮ ಖಚಿತ. ಕಿಟಕಿ ಹಿರಿಯರಿಗೆ. ಡೊಂಬಿವಲಿಯಲ್ಲಿ ಹತ್ತಿದವರು ಥಾಣೆ ಬಂದಾಗ ಎದ್ದು, ಥಾಣೆಯಲ್ಲಿ ಹತ್ತುವವರಿಗೆ ಜಾಗ ಕೊಡಬೇಕು. ಕಿಟಕಿಯವರು ಮಾತ್ರ ಏಳಬೇಕಿಲ್ಲ. ಫೋನಿನಲ್ಲಿ ಇವರದೊಂದು ಗ್ರೂಪ್ ಇದೆ, ಹೆಸರು ‘8.14 ಕನ್ನಡ’. ಗಾಡಿ ಎಷ್ಟು ತಡ, ಇಂದು ಯಾವ ಪ್ಲಾಟ್‌ಫಾರ್ಮು, ಯಾರು ರಜೆ, ಯಾರ ಸೀಟು ಯಾರಿಗೆ, ಎಲ್ಲವೂ ಅದರಲ್ಲಿ ಬರುತ್ತದೆ. ಅಡ್ಮಿನ್ ನಾಗವೇಣಿ.

ಗ್ರೂಪಿಗೆ ಒಂದು ನಿಯಮವಿದೆ. ನಿವೃತ್ತರಾದವರನ್ನು ಮರುದಿನ ಬೆಳಿಗ್ಗೆ ಎಂಟು ಹದಿನಾಲ್ಕಕ್ಕೆ ಗ್ರೂಪಿನಿಂದ ತೆಗೆಯಲಾಗುತ್ತದೆ. ಕೊನೆಯ ದಿನ ಬೋಗಿಗೆ ಹೂಮಾಲೆ ಕಟ್ಟಿ, ಸೀರೆ ಕೊಟ್ಟು, ಫೋಟೋ ತೆಗೆದು ಬೀಳ್ಕೊಡುತ್ತಾರೆ. ಮರುದಿನ ಹೆಸರು ಹೋಗುತ್ತದೆ. ಇದಕ್ಕೆ ಕಾರಣರಾದವರು ಚಂದ್ರಬಾಯಿ ಎಂಬ ಹಿರಿಯರು. ನಿವೃತ್ತಿಯ ನಂತರ ಅವರು ದಿನವೂ ಬೆಳಿಗ್ಗೆ ಏಳರಿಂದ ಗುಲಾಬಿ ಹೂವು, ಗಣಪತಿ, ಮಧುಮೇಹದ ಮದ್ದು ಕಳಿಸತೊಡಗಿದರು. ಒಂದು ದಿನ ಪ್ಲಾಟ್‌ಫಾರ್ಮ್ ಬದಲಾದ ಸುದ್ದಿ ಆ ಹೂಗಳ ಕೆಳಗೆ ಹೂತುಹೋಯಿತು, ನಾಲ್ವರಿಗೆ ಗಾಡಿ ತಪ್ಪಿತು. ಅಂದು ಸಂಜೆಯೇ ನಾಗವೇಣಿ ನಿಯಮ ಬರೆದು ಹಾಕಿದರು. ಆಮೇಲೆ ಆರು ಜನರನ್ನು ತಮ್ಮ ಹೆಬ್ಬೆರಳಿನಿಂದಲೇ ತೆಗೆದರು, ಪ್ರತಿಯೊಬ್ಬರಿಗೂ ಕೈಮುಗಿಯುವ ಒಂದು ಚಿತ್ರ ಕಳಿಸಿ.

ಏಳನೆಯವರು ತಾವೇ ಎಂಬುದು ಅವರಿಗೆ ಹೊಳೆದದ್ದು ಜನವರಿಯಲ್ಲಿ. “ಗಲ್ಲಿಗೆ ಹಾಕುವವನು ತನ್ನ ಕುತ್ತಿಗೆ ಅಳತೆ ತೆಗೆಯುವುದಿಲ್ಲವಲ್ಲ, ಹಾಗೆ,” ಎನ್ನುತ್ತಾರೆ. ನಿಯಮ ಬದಲಿಸೋಣ ಎಂದು ತಾವಾಗಿ ಹೇಳಲು ನಾಚಿಕೆ. ಬೇರೆ ಯಾರಾದರೂ ಹೇಳಬೇಕು, ತಾವು ಬೇಡ ಬೇಡ ಎನ್ನಬೇಕು, ಅವರು ಬಲವಂತ ಮಾಡಬೇಕು. ಈ ನಾಟಕದ ಮಾತುಗಳನ್ನೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದರು. ಆದರೆ ಬೋಗಿಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಎತ್ತಿದ್ದು ಕಿಟಕಿಯ ವಿಷಯ. ನಿಮ್ಮ ನಂತರ ಅದು ನನಗೇ ಅಲ್ಲವೇ ಎಂದು ಚಂಪಾ ಎರಡು ಸಲ ಖಚಿತಪಡಿಸಿಕೊಂಡರು.

ಅದೇ ಹೊತ್ತಿಗೆ ಶ್ರೀಲಕ್ಷ್ಮಿ ಒಂದು ಸುದ್ದಿ ತಂದಳು. ಥಾಣೆಯಲ್ಲಿ ಹತ್ತುವ ಈ ಮೂವತ್ನಾಲ್ಕರ ಹುಡುಗಿ ಗ್ರೂಪಿನಲ್ಲಿ ಎಲ್ಲರಿಗಿಂತ ಕಿರಿಯಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ಕೆಲಸ ಒಂದು ಪ್ರವಾಸಿ ಏಜೆನ್ಸಿಯಲ್ಲಿ. ಥಾಯ್ಲೆಂಡಿನ ಫುಕೆಟ್‌ನಿಂದ ಐದು ದಿನ ದ್ವೀಪದಿಂದ ದ್ವೀಪಕ್ಕೆ ಹಾಯಿದೋಣಿಯಲ್ಲಿ ಕರೆದೊಯ್ಯುವ ಒಂದು ಕಂಪನಿ, ಏಜೆನ್ಸಿಯವರು ನೋಡಿ ಹೋಗಲಿ ಎಂದು ಮೂರು ಜಾಗ ಪುಕ್ಕಟೆ ಬಿಟ್ಟುಕೊಟ್ಟಿತ್ತು. ಕಚೇರಿಯಲ್ಲಿ ಉಳಿದವರಿಗೆ ರಜೆ ಇರಲಿಲ್ಲ. ಒಂದು ಜಾಗ ಅವಳದು, ಒಂದು ಬೀಳ್ಕೊಡುಗೆಯ ಲೆಕ್ಕದಲ್ಲಿ ನಾಗವೇಣಿಯವರದು. ಮೂರನೆಯದಕ್ಕೆ ಚೀಟಿ ಎತ್ತಿದಾಗ ಚಂಪಾ ಹೆಸರು ಬಂತು. ಚೀಟಿ ಎತ್ತಿದವರೂ ಚಂಪಾ.

ಚಂಪಾಗೆ ಐವತ್ತೊಂದು. ಅವರ ತಂದೆ ತಾಯಿ ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಚಂಪಾ ಹುಟ್ಟಿದ್ದು ಡೊಂಬಿವಲಿಯ ಕಾರ್ಖಾನೆ ಪ್ರದೇಶದ ಒಂದು ತಗಡಿನ ಶೆಡ್ಡಿನಲ್ಲಿ. ಈಗ ಭಾಯಖಳಾದ ಒಂದು ಶಾಲೆಯಲ್ಲಿ ಪ್ಯೂನ್.

ನಾಗವೇಣಿ ಪ್ರವಾಸಕ್ಕೆ ಒಪ್ಪಿದ್ದು ಸಮುದ್ರಕ್ಕಾಗಿ ಅಲ್ಲ. ಐದು ದಿನ ಒಂದೇ ದೋಣಿ, ನಡುವೆ ಇಳಿದು ಹೋಗುವಂತಿಲ್ಲ. ಎಲ್ಲೋ ಒಂದು ಸಂಜೆ ಜೊತೆಯ ಇಬ್ಬರಲ್ಲಿ ಒಬ್ಬರ ಬಾಯಿಂದ ನಿಯಮ ಬದಲಿಸುವ ಆ ಮಾತು ಬಂದೇ ಬರುತ್ತದೆ ಎಂಬುದು ಅವರ ಲೆಕ್ಕ. ಗಂಡ ಪುಂಡರೀಕಾಕ್ಷ ಕಲ್ಯಾಣದ ಒಂದು ಸಸ್ಯಾಹಾರಿ ಹೋಟೆಲಿನ ಗಲ್ಲಾದಲ್ಲಿ ಕೂರುವವರು, ಕಡಿಮೆ ಮಾತಿನವರು. ಅವರು ಒಂದೇ ಮಾತು ಹೇಳಿದರು: “ಅಷ್ಟು ದೂರ ಯಾಕೆ ಮಾರಾಯ್ತಿ? ಗ್ರೂಪಿನಿಂದ ತೆಗೆದ ಮೇಲೆ ಮನೆಯೇ ದ್ವೀಪ ಆಗ್ತದಲ್ಲ.”

ಮಾರ್ಚ್ ಮೊದಲ ವಾರ ಮೂವರೂ ಫುಕೆಟ್‌ನಲ್ಲಿ ದೋಣಿ ಹತ್ತಿದರು. ನಲವತ್ತು ಅಡಿ ಉದ್ದ, ಒಂದು ಎತ್ತರದ ಕಂಬ, ಎರಡು ಬಿಳಿ ಹಾಯಿ. ಕೆಳಗೆ ಮಲಗುವ ಗೂಡುಗಳು. ಅವು ಲೋಕಲಿನ ಸಾಮಾನಿನ ಕಂಬಿಗಿಂತ ಸ್ವಲ್ಪ ಅಗಲ ಎಂದು ನಾಗವೇಣಿ ಅಳೆದರು. ಜೊತೆಗೆ ಹಾಲೆಂಡಿನ ವಯಸ್ಸಾದ ಗಂಡ ಹೆಂಡತಿ. ದೋಣಿ ನಡೆಸುವ ಕ್ಯಾಪ್ಟನ್ ಐವತ್ತರ ಆಸುಪಾಸಿನ, ಒಣಗಿದ ಮೈಯ ಥಾಯ್ ಮನುಷ್ಯ. ಅವರಿಗೆ ಇಂಗ್ಲಿಷ್ ಕಡಿಮೆ, ಸನ್ನೆ ಹೆಚ್ಚು.

ಮೊದಲ ದಿನ ನಾಗವೇಣಿ ಕ್ಯಾಪ್ಟನ್ನಿಗೆ ತಾವು ಕರಾವಳಿಯವರೆಂದು, ಸಮುದ್ರ ತಮಗೆ ಹೊಸದಲ್ಲವೆಂದು ತಿಳಿಸಿದರು. ಚಂಪಾಗೆ ನಿಂಬೆಹಣ್ಣು ಮೂಸುತ್ತಿರಲು ಸಲಹೆ ಕೊಟ್ಟರು. ಎಂಜಿನ್ ನಿಲ್ಲಿಸಿ ಹಾಯಿ ಏರಿಸಿದ ಹತ್ತನೇ ನಿಮಿಷಕ್ಕೆ ಮೊದಲು ವಾಂತಿ ಮಾಡಿದವರೂ ಅವರೇ. ಕಲಬುರಗಿಯ ಬಿಸಿಲ ಮನೆತನದ ಚಂಪಾ ದೋಣಿಯ ಮೂತಿಯಲ್ಲಿ ಕಾಲು ಇಳಿಬಿಟ್ಟು ಚಟ್ನಿಪುಡಿ ಹಚ್ಚಿದ ಅವಲಕ್ಕಿ ತಿನ್ನುತ್ತಿದ್ದರು. “ಉಡುಪಿ ಬಿಟ್ಟಾಗ ನನಗೆ ಮೂರು ವರ್ಷ,” ಎಂದು ನಾಗವೇಣಿ ಈಗ ಒಪ್ಪಿಕೊಳ್ಳುತ್ತಾರೆ. “ಸಮುದ್ರ ನೆನಪುಂಟು ಅಂತ ಹೇಳಿದ್ದು ಮೀನು ಮಾರುವವರ ಕೂಗು ನೆನಪಿದ್ದದ್ದಕ್ಕೆ.”

ಎರಡನೆಯ ದಿನದ ಹೊತ್ತಿಗೆ ಹೊಟ್ಟೆ ಸರಿಯಾಯಿತು, ಅಭ್ಯಾಸಗಳು ಎಚ್ಚರಗೊಂಡವು. ಸುತ್ತ ಹಸಿರು ನೀರು. ಅದರೊಳಗಿಂದ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಬಂಡೆಗಳು, ಬಂಡೆಯ ಬಿರುಕಿನಲ್ಲಿ ಮರ. ನಾಗವೇಣಿಯವರ ಕಣ್ಣು ಮಾತ್ರ ನೆರಳಿನ ಮೇಲಿತ್ತು. ಹಾಯಿಯ ನೆರಳು ಬೀಳುವ ಜಾಗ ದೋಣಿಯಲ್ಲಿ ಒಂದೇ. ಅಲ್ಲಿ ಹಾಲೆಂಡಿನ ಹೆಂಗಸು ಪುಸ್ತಕ ಓದುತ್ತಿದ್ದರು. ನಾಗವೇಣಿ ಹತ್ತಿರ ಹೋಗಿ ನಿಂತು, ಲೋಕಲಿನಲ್ಲಿ ಕೂತವರನ್ನು ಕೇಳುವ ಹಾಗೆಯೇ, ಎಲ್ಲಿ ಇಳಿಯುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನೀವು ಇಳಿಯುವಲ್ಲೇ ಎಂದರು ಆಕೆ, ಗಾಬರಿಯಾಗಿ. ಸರಿ, ಹಾಗಾದರೆ ಏಳುವಾಗ ನನಗೆ ಹೇಳಿ ಎಂದು ನಾಗವೇಣಿ ಅಲ್ಲೇ ನಿಂತರು. ಐದು ನಿಮಿಷದಲ್ಲಿ ಸೀಟು ಸಿಕ್ಕಿತು.

ಅಡುಗೆಯ ತರಕಾರಿ ಕಂಡಾಗ ಮೂವರೂ ಸುಮ್ಮನಿರಲಾಗದೆ ಹೆಚ್ಚಿಕೊಟ್ಟರು. ಕ್ಯಾಪ್ಟನ್ ಮರುದಿನದಿಂದ ಚಾಕು, ಅನಾನಸು, ಹೀರೇಕಾಯಿಯಂಥ ಒಂದು ಕಾಯಿ ಎಲ್ಲವನ್ನೂ ಬೆಳಿಗ್ಗೆಯೇ ಅವರ ಮುಂದೆ ತಂದಿಡತೊಡಗಿದರು. ಉಷ್ಣವಲಯದ ರಜೆಯಲ್ಲಿ ತಾವು ಆರು ಜನರ ಅಡುಗೆಯ ಕೂಲಿ ಮಾಡಿ ಬಂದೆವು ಎನ್ನುತ್ತಾರೆ ನಾಗವೇಣಿ. ಫೋನಿಗೆ ಸಂಪರ್ಕ ಸಿಕ್ಕಾಗಲೆಲ್ಲ ಗ್ರೂಪ್ ನೋಡುತ್ತಿದ್ದರು. ಅಲ್ಲಿಯ ಗಡಿಯಾರದಲ್ಲಿ ಒಂಬತ್ತು ನಲವತ್ತನಾಲ್ಕಾದಾಗ ಊರಿನಲ್ಲಿ ಎಂಟು ಹದಿನಾಲ್ಕು. ಗಾಡಿ ಹನ್ನೊಂದು ನಿಮಿಷ ತಡ ಎಂದು ಒಂದು ದಿನ ದೋಣಿಗೆಲ್ಲ ಕೇಳುವಂತೆ ಘೋಷಿಸಿದರು. ಕ್ಯಾಪ್ಟನ್ ತಲೆಯಾಡಿಸಿದರು.

ಕಾಯುತ್ತಿದ್ದ ಮಾತು ಮಾತ್ರ ಬರಲಿಲ್ಲ. ಎರಡೂ ಸಂಜೆ ನಾಗವೇಣಿ ಅದರ ಹತ್ತಿರ ಹತ್ತಿರ ಹೋದರು. ಏಪ್ರಿಲಿನಲ್ಲಿ ಮಳೆಗಾಲಕ್ಕೆ ಮೊದಲು ಗಾಡಿಗಳು ಹೇಗಿರುತ್ತವೋ ಏನೋ ಎಂದರು. ತಡವಾದರೆ ನನಗೆ ಹೇಗೆ ಗೊತ್ತಾಗಬೇಕು ಎಂದರು. ನಿಮಗ್ಯಾಕ್ರಿ ಇನ್ನ ಗಾಡಿ ಚಿಂತಿ ಎಂದು ಚಂಪಾ ಮಾತು ಮುಗಿಸಿಬಿಟ್ಟರು. ಶ್ರೀಲಕ್ಷ್ಮಿ ಮುಳುಗುವ ಸೂರ್ಯನ ಜೊತೆ ತನ್ನ ಫೋಟೋ ತೆಗೆದುಕೊಳ್ಳುತ್ತಿದ್ದಳು.

ಮೂರನೆಯ ದಿನ ಹನ್ನೊಂದು ಗಂಟೆಗೆ ಮೂರನೆಯ ದ್ವೀಪ ಕಂಡಿತು. ತೆಂಗಿನ ಸಾಲು, ಬಿಳಿ ಮರಳು, ನೀರಿನ ಮೇಲೆ ತೇಲುವ ಹಲಗೆಗಳ ಒಂದು ಕಟ್ಟೆ. ದೋಣಿ ಬಂಡೆಯ ತಿರುವು ದಾಟಿದ ಕೂಡಲೇ ನಾಗವೇಣಿ ಎದ್ದರು. ಸಂಜೆ ಮನೆಗೆ ಬರುವಾಗ ದಿವಾ ಸ್ಟೇಷನ್ ದಾಟಿದ ಕೂಡಲೇ ಅವರು ಏಳುವುದು ಹೀಗೆಯೇ. ತೇಲುವ ಅಂಗಿ ಮೈಮೇಲೆಯೇ ಇತ್ತು, ಅದರ ಮೇಲೆ ಚೀಲವನ್ನು ಎದೆಗೆ ತಂದುಕೊಂಡು ದೋಣಿಯ ಅಂಚಿನ ಕಟಾಂಜನದ ಬಾಗಿಲ ಬಳಿ ನಿಂತರು. ಹಿಂದೆ ಚಂಪಾ, ಅವರ ಹಿಂದೆ ಶ್ರೀಲಕ್ಷ್ಮಿ. ಕ್ಯಾಪ್ಟನ್ ದೂರದಿಂದ ಕೈ ಎತ್ತಿ ಸನ್ನೆ ಮಾಡಿದರು. ತಾಳಿ ಎನ್ನುವ ಆ ಸನ್ನೆಯನ್ನು ನಾಗವೇಣಿ ‘ಈ ಬದಿ’ ಎಂದು ಓದಿಕೊಂಡರು.

ಚಲಿಸುವ ಗಾಡಿಯಿಂದ ಇಳಿಯಲು ಒಂದು ವಿದ್ಯೆ ಇದೆ. ಮುಖ ಗಾಡಿ ಹೋಗುವ ದಿಕ್ಕಿಗಿರಬೇಕು, ದೇಹ ಸ್ವಲ್ಪ ಹಿಂದಕ್ಕೆ ಬಾಗಬೇಕು, ಕಾಲು ನೆಲಕ್ಕೆ ತಾಗಿದ ಮೇಲೆ ನಾಲ್ಕು ಹೆಜ್ಜೆ ಓಡಬೇಕು. ಹೀಗೆ ಇಳಿದರೆ ಡೊಂಬಿವಲಿಯ ಮೇಲ್ಸೇತುವೆ ಜನ ತುಂಬುವ ಮೊದಲೇ ಸಿಗುತ್ತದೆ. ಇದನ್ನು ಮಾಡಬಾರದು ಎಂದು ಸ್ಟೇಷನ್ನಿನ ಧ್ವನಿವರ್ಧಕ ದಿನವೂ ಹೇಳುತ್ತದೆ. ನಾಗವೇಣಿ ಅದನ್ನು ಮೂವತ್ತೊಂದು ವರ್ಷ ಕೇಳುತ್ತ ಇಳಿದಿದ್ದಾರೆ. ಕಟ್ಟೆ ಒಂದು ಹೆಜ್ಜೆಯಷ್ಟು ದೂರ ಬಂದಾಗ ಅವರು ಎಲ್ಲವನ್ನೂ ನಿಯಮದ ಪ್ರಕಾರವೇ ಮಾಡಿದರು. ಆದರೆ ರೈಲು ಪಕ್ಕಕ್ಕೆ ಸರಿಯುವುದಿಲ್ಲ. ದೋಣಿ ಸರಿಯಿತು.

ಮುಂದಿನವರು ಇಳಿದ ಮೇಲೆ ಹಿಂದಿನವರು ನಿಲ್ಲುವಂತಿಲ್ಲ ಎಂಬುದು ಬೋಗಿಯ ಇನ್ನೊಂದು ಪಾಠ. ಚಂಪಾ ನೀರು ನೋಡುವ ಮೊದಲೇ ಕಾಲಿಟ್ಟಾಗಿತ್ತು. ಶ್ರೀಲಕ್ಷ್ಮಿಯನ್ನು ಹಿಂದಿನಿಂದ ಯಾರೂ ತಳ್ಳಲಿಲ್ಲ, ತಳ್ಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಆದರೂ ಇಳಿದಳು.

ಕ್ಯಾಪ್ಟನ್ ಎಂಜಿನ್ ಹಿಂದಕ್ಕೆ ಹಾಕಿ ದೋಣಿಯನ್ನು ದೂರ ಸರಿಸಿದರು. ಹಾಲೆಂಡಿನ ಹೆಂಗಸು ಕಿತ್ತಳೆ ಬಣ್ಣದ ದೊಡ್ಡ ತೇಲುವ ಬಳೆಯೊಂದನ್ನು ಎಸೆದರು. ಮೂವರೂ ಅದನ್ನು ಹಿಡಿದು ತೇಲಿದರು. ನೀರು ಬೆಚ್ಚಗಿತ್ತು, ಕಾಲಿಗೆ ನೆಲ ಸಿಗುತ್ತಿರಲಿಲ್ಲ. ದೋಣಿ ಸುತ್ತು ಹಾಕಿ ಬರಲು ಕೆಲವು ನಿಮಿಷ ಬೇಕಾಗಿತ್ತು. ಯಾರಿಗೂ ಅಪಾಯವಿರಲಿಲ್ಲ, ಆದರೆ ಅದು ನಾಗವೇಣಿಯವರಿಗೆ ಗೊತ್ತಿರಲಿಲ್ಲ. ಸಾಯುವ ಮೊದಲು ಹೇಳಿಬಿಡೋಣ ಎಂದುಕೊಂಡರಂತೆ. ಸಾಯುವವರು ಸಾಮಾನ್ಯವಾಗಿ ದೇವರನ್ನೋ ಮಕ್ಕಳನ್ನೋ ನೆನೆಯುತ್ತಾರೆ ಎಂಬುದು ಅವರಿಗೆ ಆಮೇಲೆ ಹೊಳೆಯಿತು.

“ನನ್ನನ್ನು ಗ್ರೂಪಿನಿಂದ ತೆಗೀಬೇಡಿ,” ಎಂದರು.

“ಅಕ್ಕಾ, ಪೆಹಲೇ ರಿಂಗ್ ಠೀಕ್ ಸೇ ಪಕಡೋ,” ಎಂದಳು ಶ್ರೀಲಕ್ಷ್ಮಿ, ಬಳೆಯ ಅಂಚನ್ನು ಅವರ ಕೈಗೆ ಒತ್ತಿ.

ಚಂಪಾ ಬಾಯಿಗೆ ಹೋದ ಉಪ್ಪುನೀರು ಉಗುಳಿದರು. “ಇದನ್ನ ಕೇಳ್ಲಿಕ್ಕ ಇಷ್ಟ ದೂರ ಬಂದ್ರೇನ್ರಿ?”

“ಹೌದು ಅಂತ ಹೇಳು, ಸಾಕು.”

“ದ್ರೌಪದಿ ಅಕ್ಕಾರೂ ಹಿಂಗೇ ಕೇಳಿದ್ರಲ್ರಿ ನಿಮಗ. ನೆನಪದ ಏನು?”

“ಇಲ್ಲ,” ಎಂದರು ನಾಗವೇಣಿ.

“ಕುರ್ಲಾ ದಾಟಿದ ಮ್ಯಾಲ, ನನ್ನ ಬಾಜೂಕ್ಕ ನಿಂತು ಕೇಳಿದ್ರು. ರೂಲ್ ಅಂದ್ರೆ ರೂಲ್ ಅಂದ್ರಿ ನೀವು. ಬೀನ್ಸ್ ಹೆಚ್ಚೂದು ಸೈತ ನಿಲ್ಲಿಸ್ಲಿಲ್ಲ.” ಬಳೆಯ ಮೇಲೆ ಕೈ ಬದಲಿಸಿ ಮತ್ತೆ ಹೇಳಿದರು: “ಈಗ ನಿಮಗೊಬ್ಬರಿಗೆ ರೂಲ್ ಬಿಟ್ರ, ಅವರ ಮುಖ ಹ್ಯಾಂಗ ನೋಡೂದ್ರಿ ನಾವು?”

ಆಗ ದೋಣಿ ಬಂತು. ಕ್ಯಾಪ್ಟನ್ ಒಬ್ಬೊಬ್ಬರನ್ನಾಗಿ ಮೇಲೆಳೆದುಕೊಂಡರು. ಹಾಲೆಂಡಿನ ಗಂಡಸು ಇಡೀ ಘಟನೆಯ ವಿಡಿಯೊ ತೆಗೆದಿದ್ದರು. ಅದರಲ್ಲಿ ಮೂವರು ಹೆಂಗಸರು ಸಾಲಾಗಿ, ಆತುರವಿಲ್ಲದೆ, ನೀರಿಗೆ ನಡೆದುಹೋಗುತ್ತಾರೆ.

ನಾಗವೇಣಿ ಹೇಳಿದ ‘ಇಲ್ಲ’ ಸುಳ್ಳು. ಅದನ್ನು ಅವರು ಯಾರೂ ಕೇಳದೆಯೇ ಹೇಳಿಕೊಳ್ಳುತ್ತಾರೆ. “ಎಲ್ಲ ನೆನಪಿತ್ತು. ಮುಳುಗುವವಳಿಗೂ ಒಂದು ಸುಳ್ಳು ಹೇಳುವಷ್ಟು ಉಸಿರು ಉಳಿದಿರ್ತದೆ.” ದ್ರೌಪದಿ ವಿಜಯಪುರದವರು, ದಾದರಿನ ಒಂದು ಶಾಲೆಯಲ್ಲಿ ಆಯಾ ಆಗಿದ್ದರು. ಹತ್ತೊಂಬತ್ತು ವರ್ಷ ನಾಗವೇಣಿಯವರ ಪಕ್ಕದ ಸೀಟು ಅವರದು. ಬಸುರಿನ ಕೊನೆಯ ತಿಂಗಳುಗಳಲ್ಲಿ ನಾಗವೇಣಿ ಗಾಡಿ ಹತ್ತಲು ಹಿಂದಿನಿಂದ ಸೊಂಟಕ್ಕೆ ಕೈಕೊಟ್ಟವರು. ನಾಲ್ಕು ವರ್ಷದ ಹಿಂದೆ ನಿವೃತ್ತರಾದರು, ಮಗನ ಜೊತೆ ಕಾಮೋಠೆಗೆ ಹೋದರು. ತೆಗೆಯಬೇಡಿ ಎಂದು ಅವರು ಕೇಳಿದ್ದು ಒಂದೇ ಸಲ. ಮರುದಿನ ಬೆಳಿಗ್ಗೆ ನಾಗವೇಣಿ ಅವರನ್ನು ತೆಗೆದರು, ಕೈಮುಗಿಯುವ ಚಿತ್ರ ಕಳಿಸಿದರು. ಆಮೇಲೆ ಪ್ರತಿ ದೀಪಾವಳಿಗೆ ಕಳಿಸಿದ ಶುಭಾಶಯಗಳನ್ನು ದ್ರೌಪದಿ ಓದಿದ್ದಾರೆ ಎಂದು ಫೋನು ತೋರಿಸುತ್ತದೆ. ಉತ್ತರ ಬಂದಿಲ್ಲ. ನೆಟ್‌ವರ್ಕ್ ಸರಿಯಿಲ್ಲದ ಜಾಗವಿರಬೇಕು ಎಂದು ನಾಗವೇಣಿ ನಾಲ್ಕು ವರ್ಷ ನಂಬಿಕೊಂಡಿದ್ದರು. ಕಾಮೋಠೆಯಲ್ಲಿ ಎಲ್ಲರ ಫೋನೂ ಚೆನ್ನಾಗಿ ನಡೆಯುತ್ತದೆ.

ಉಳಿದ ಎರಡು ದಿನ ಅವರು ದ್ವೀಪಗಳನ್ನು ನೋಡಿದರು. ಹಾಯಿ ಗಾಳಿಗೆ ತುಂಬಿಕೊಂಡಾಗ ಎಷ್ಟು ಸದ್ದಿಲ್ಲದೆ ದೋಣಿ ಓಡುತ್ತದೆ ಎಂದು ಆಗ ಗೊತ್ತಾಯಿತಂತೆ. ಕ್ಯಾಪ್ಟನ್ ಪ್ರತಿ ಕಟ್ಟೆಯ ಬಳಿಯೂ ಕಟಾಂಜನದ ಬಾಗಿಲಿಗೆ ಹಗ್ಗ ಬಿಗಿದು, ಗಂಟನ್ನು ನಾಗವೇಣಿಯವರಿಗೆ ತೋರಿಸಿಯೇ ಲಂಗರು ಇಳಿಸುತ್ತಿದ್ದರು.

ವಾಪಸು ಬಂದ ಮೇಲೆ ಅವರು ಅಡ್ಮಿನ್ ಅಧಿಕಾರವನ್ನು ಚಂಪಾಗೆ ವಹಿಸಿದರು. ಮಾರ್ಚ್ ಮೂವತ್ತೊಂದರಂದು ಗೆಳತಿಯರು ಬೋಗಿಗೆ ಚೆಂಡುಹೂವಿನ ಮಾಲೆ ಕಟ್ಟಿದರು, ಹಸಿರು ಸೀರೆ ಕೊಟ್ಟರು. ಥಾಯ್ಲೆಂಡಿನ ವಿಡಿಯೊ ಅಷ್ಟರಲ್ಲಿ ಬೋಗಿಯ ಮರಾಠಿ ಹೆಂಗಸರನ್ನೂ ತಲುಪಿತ್ತು. ಅದನ್ನು ಎಲ್ಲರಿಗೂ ತೋರಿಸಿದವರು ನಾಗವೇಣಿಯೇ. ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಅವರು ಫೋನು ಹಿಡಿದುಕೊಂಡಿದ್ದರು. ಎಂಟು ಹದಿನಾಲ್ಕಕ್ಕೆ ಏನೂ ಆಗಲಿಲ್ಲ. ಎಂಟು ಹದಿನೈದಕ್ಕೂ ಆಗಲಿಲ್ಲ. ಇನ್ನೂ ಆಸೆ ಬಿಡದ ತಮ್ಮ ಮುಖ ಸ್ಟೀಲ್ ಡಬ್ಬಿಯಲ್ಲಿ ಕಂಡಿತು, ನೋಡಲು ಹಿತವಾಗಿರಲಿಲ್ಲ ಎನ್ನುತ್ತಾರೆ. ಎಂಟು ಇಪ್ಪತ್ತೈದಕ್ಕೆ ಚಂಪಾ ಅವರನ್ನು ತೆಗೆದರು. ಗಾಡಿ ಅಂದು ಹನ್ನೊಂದು ನಿಮಿಷ ತಡವಾಗಿತ್ತು. ಚಂಪಾ ಕೈಮುಗಿಯುವ ಚಿತ್ರ ಕಳಿಸಲಿಲ್ಲ, ಸಂಜೆ ಮನೆಗೆ ಬಂದು ಚಹಾ ಕುಡಿದು ಹೋದರು. ಕಿಟಕಿಯಲ್ಲಿ ಬಿಸಿಲು ಬಹಳ ಎಂದು ದೂರಿದರು.

ದ್ರೌಪದಿಗೆ ಫೋನು ಮಾಡಲು ನಾಗವೇಣಿಗೆ ಮತ್ತೆ ಹದಿನೈದು ದಿನ ಹಿಡಿಯಿತು. ಮೊದಲ ಮೂರು ಸಲ ಯಾರೂ ಎತ್ತಲಿಲ್ಲ. ನಾಲ್ಕನೆಯ ಸಲ ಎತ್ತಿದ ದ್ರೌಪದಿ ಯಾರು ಎಂದು ಕೇಳಿದರು. ನಾಗವೇಣಿ ಹೆಸರು ಹೇಳಿದರು. ಯಾವ ನಾಗವೇಣಿ ಎಂದು ಕೇಳಿದರು. ಎಂಟು ಹದಿನಾಲ್ಕರ ನಾಗವೇಣಿ ಎಂದು ಹೇಳಲು ಹೋಗಿ, ಅದು ಈಗ ನಿಜವಲ್ಲವೆಂದು ನೆನಪಾಗಿ, ಠಾಕುರ್ಲಿಯ ನಾಗವೇಣಿ ಎಂದರು. ತಪ್ಪಾಯಿತು, ಒಮ್ಮೆ ಬಂದು ಹೇಳಬೇಕು ಎಂದರು. ಆ ಕಡೆ ಕುಕ್ಕರು ಎರಡು ಸೀಟಿ ಹೊಡೆಯಿತು.

“ಶುಕ್ರವಾರ ಮೂರಕ್ಕ ಬರ್ರಿ,” ಎಂದರು ದ್ರೌಪದಿ. “ಊಟಾ ಮಾಡ್ಕೊಂಡ ಬರ್ರಿ.”

ವಿಜಯಪುರದ ಮನೆಗಳಲ್ಲಿ ಊಟ ಮಾಡಿಕೊಂಡು ಬಾ ಎಂದು ಅತಿಥಿಗೆ ಹೇಳುವ ವಾಡಿಕೆಯಿಲ್ಲ. ನಾಗವೇಣಿಗೆ ಅದು ಗೊತ್ತಿದೆ. ಶುಕ್ರವಾರ ಅವರು ಹನ್ನೆರಡೂವರೆಗೆ ಊಟ ಮುಗಿಸಿ, ಥಾಣೆಯಲ್ಲಿ ಗಾಡಿ ಬದಲಿಸಿ, ಪನ್ವೇಲ್ ಲೋಕಲಿನಲ್ಲಿ ಕಾಮೋಠೆಗೆ ಹೋಗುತ್ತಿದ್ದಾರೆ.